ಮೇಣ ಹಚ್ಚಿದ ಕೌದಿ

ನನ್ನ ಹೇಣ್ತಿ ಮಾಲವ್ವ ಸತ್ತಾಗ ಆಕಿ ಹೊಲಿಯಾಕತ್ತಿದ್ದ ಕೌದಿ ಇನ್ನೂ ಮುಗದಿದ್ದಿಲ್ಲ. ಮುಂಜಾನೆ ಚಾ ಕುಡದು ಅಂಗಡಿ ಹೊಸ್ತಿಲದಾಗ ಕುಂತಿದ್ಲು, ಸೂಜಿ ಕೈಯಾಗಿತ್ತು, ಹಂಗ ಗ್ವಾಡಿಗೆ ಒರಗಿದ್ಲು. ನಾ ಅಲ್ಲೇ ಮಷೀನ ಮ್ಯಾಲ ಯಾರದೋ ಜೀನ್ಸಿನ ಕಾಲು ಕಡಿಮಿ ಮಾಡಾಕತ್ತಿದ್ದೆ. ಕತ್ತರಿ ಕೊಡು ಅಂದೆ. ಕೊಡಲಿಲ್ಲ. ‘ಕಿವುಡಿ ಆಗೀ ಏನ?’ ಅಂತ ಒದರಿದೆ. ಆಮ್ಯಾಲ ತಿರಗಿ ನೋಡಿದೆ.

ಜಡ್ಡಿಲ್ಲ ಜಾಪತ್ರಿಲ್ಲ, ಕುಂತಲ್ಲೇ ಹೋದ್ಲು. ಮಣ್ಣಿಗೆ ಬಂದ ಮಂದಿ ‘ಪುಣ್ಯವಂತಿ, ಯಾರಿಗೂ ತ್ರಾಸ ಕೊಡಲಿಲ್ಲ’ ಅಂದ್ರು. ನಾನೂ ಹೂಂ ಅಂದೆ. ಅನ್ನದ ಏನ ಮಾಡೂದು?

ನಾ ಜ್ಯೋತಿಬಾ, ದಾಂಡೇಲಿಯೊಳಗ ಟೇಲರ್. ನಮ್ಮಪ್ಪ ಬೆಳಗಾವಿ ಕಡೆಯಿಂದ ಕಾಗದದ ಮಿಲ್ಲಿಗೆ ಬಂದಾಂವ. ನನಗ ಮಿಲ್ಲು ಹಿಡಿಸಲಿಲ್ಲ, ಮಿಲ್ಲಿನ ಮಂದಿಗೆ ಖಾಕಿ ಹೊಲಕೋತ ತಲಿ ಬೆಳ್ಳಗ ಮಾಡಕೊಂಡೆ. ಈಗ ಹೊಲಸೂವರು ಯಾರದಾರ? ಎಲ್ಲಾ ರೆಡಿಮೇಡ್. ನನ್ನ ಕಡೆ ಬರೂದು ಚೈನ್ ಕಿತ್ತದ್ದು, ಹೊಟ್ಟಿ ಬಂದು ಸೊಂಟ ಹಿಡದದ್ದು, ಇಂಥಾವ. ಮುಂದ ಅಂಗಡಿ, ಹಿಂದ ಮನಿ, ನಡಕ ಒಂದು ಪರದೆ. ನನ್ನ ಬಾಯಿ ಸುಮಾರ ಐತಿ ಅಂತ ಓಣಿಗೆಲ್ಲಾ ಗೊತ್ತು. ಮಾಲವ್ವ ಇದ್ದಾಗ ಬೈಸಿಕೊಳ್ಳಾಕ ಒಬ್ರಿದ್ರು, ತಿರಗಿ ಬೈಯಾಕೂ ಆಕಿನ. ಈಗ ಮಷೀನಿಗೆ ಬೈತೇನಿ. ಅದು ತಿರಗಿ ಮಾತಾಡಂಗಿಲ್ಲ, ಹಿಂಗಾಗಿ ಬೈದದ್ದಕ್ಕ ರುಚಿ ಇಲ್ಲ.

ಆ ಕೌದಿ ಮಾತು ಹೇಳತೇನಿ. ಹಳೇ ಸೀರಿ ಪದರ ಪದರ ಹಾಕಿ, ಮ್ಯಾಲ ಬಣ್ಣಬಣ್ಣದ ತುಂಡು ಇಟ್ಟು, ಒಂದು ಮೂಲಿಯಿಂದ ಹೊಲಿಯಾಕ ಹತ್ತಬೇಕು. ಅಂಚಿಗುಂಟ ಸುತ್ತಕೋತ ಸುತ್ತಕೋತ ನಡುವಿಗೆ ಬರಬೇಕು. ಮಾಲವ್ವ ಸುತ್ತಿ ಸುತ್ತಿ ನಡುವಿನ ತನಕಾ ಬಂದಿದ್ಲು. ನಡಕ ಒಂದು ಗೇಣಿನಷ್ಟು ಜಾಗಾ ಹೊಲಿಗಿ ಬೀಳದ ಉಳದಿತ್ತು. ಕೌದಿ ಅಂದ್ರ ಇಬ್ಬರು ಮಲಗೂವಷ್ಟು ಇರತೈತಿ, ಇದು ಸಣ್ಣದು. ‘ಯಾರಿಗಿದು?’ ಅಂತ ಕೇಳಿದ್ದೆ. ‘ನಿಮಗರೀ. ಸ್ಟೂಲಿನ ಮ್ಯಾಲ ಹಾಸಾಕ. ಕುಂತು ಕುಂತು ಕುಂಡಿ ಸವದಾವಲ್ಲ’ ಅಂತ ನಕ್ಕಿದ್ಲು. ನಾ ನಂಬಿದೆ.

ಆಕಿ ಹೋದ ಮ್ಯಾಲ ಅದನ್ನ ಟ್ರಂಕಿನ್ಯಾಗ ಇಟ್ಟೆ. ಮಗಳು ಸುವರ್ಣಾ ಆವಾಗ ಹಳಿಯಾಳದಿಂದ ಬಂದಾಕಿ ಅವ್ವನ ಒಂದು ಸೀರಿ ಒಯ್ದಳು, ಕೌದಿ ಕೇಳಲಿಲ್ಲ. ನಾನೂ ತೋರಸಲಿಲ್ಲ. ಬ್ಯಾಸರಾದಾಗ ತಗದು ತೊಡಿ ಮ್ಯಾಲ ಹಾಕಿಕೊಂಡು ಕುಂದರತಿದ್ದೆ. ಇಡೀ ಮನ್ಯಾಗ ಆಕಿ ಕೈ ಹಂಗ ಉಳದದ್ದು ಅದೊಂದ.

ಇನ್ನ ಮೇಣದ ಮಾತು. ಗುಂಡಿ ಹಚ್ಚೂ ದಾರಕ್ಕ ನಾವು ಜೇನಮೇಣ ತಿಕ್ಕತೇವಿ, ದಾರ ಗಟ್ಟಿ ಆಗತೈತಿ, ಸಿಕ್ಕು ಬೀಳಂಗಿಲ್ಲ. ನನ್ನ ಹತ್ರ ನಿಂಬಿಹಣ್ಣಿನಷ್ಟು ಒಂದು ಉಂಡಿ ಇತ್ತು. ಒಂದು ದಿನ ಇಸ್ತ್ರಿಪೆಟ್ಟಿಗಿ ಅದರ ಬಾಜೂಕ ಇಟ್ಟು ಮರತೆ. ಮೇಣ ಕರಗಿ ಒಂದು ಹಳೇ ಖಾಕಿ ತುಂಡಿನ ಮ್ಯಾಲ ಹರೀತು. ಸಿಟ್ಟು ನೆತ್ತಿಗೇರ್ತು. ಒಗಿಯೂಣು ಅಂತ ಎತ್ತಿ ಬಾಗಲದ ಬೆಳಕಿಗೆ ಹಿಡದೆ, ಹಿಡದಾಂವ ಹಂಗ ನಿಂತೆ. ಜನ್ಮ ಪೂರ್ತಿ ಖಾಕಿ ಹೊಲದಾಂವ ನಾ, ಖಾಕಿಯೊಳಗ ಅಷ್ಟು ಬಣ್ಣ ಅದಾವ ಅಂತ ಅವತ್ತ ಕಂಡೆ. ಒಂದೊಂದು ಎಳಿ ಬ್ಯಾರೆ ಬ್ಯಾರೆ ಕಾಣತಿತ್ತು. ಹಾಕಿದ್ದ ಹೊಲಿಗಿ ನೀರಾಗಿನ ಹುಲ್ಲಿನಂಗ ನಿಂತಿತ್ತು.

ಅವತ್ತಿನಿಂದ ಹುಚ್ಚು ಹಿಡೀತು. ಪ್ಲೈವುಡ್ ತುಂಡಿನ ಮ್ಯಾಲ ಚಿಂದಿ ಹೊಲದು ಬಡಿಯೂದು, ಮೇಣ ಕರಗಿಸಿ ಬ್ರಶ್‌ಲೆ ಹಚ್ಚೂದು, ಮ್ಯಾಲ ಇಸ್ತ್ರಿ ಆಡಸೂದು, ಮತ್ತೊಂದು ಪದರ ಹಚ್ಚೂದು, ದಾರ ಕಾಣೂಹಂಗ ಬ್ಲೇಡಿಲೆ ಕೆರಿಯೂದು. ಸಣ್ಣ ಉರಿ ಮ್ಯಾಲ ಕರಗಸಬೇಕು ಅನ್ನೂದು ಅರ್ಧ ಮೀಸಿ ಸುಟಗೊಂಡ ಮ್ಯಾಲ ತಿಳೀತು. ಬರೇ ಮೇಣ ಬ್ಯಾಸಗ್ಯಾಗ ಮೆತ್ತಗಾಗತೈತಿ ಅಂತ ಕಿರಾಣಿ ಅಂಗಡ್ಯಾಗ ಧೂಪಕ್ಕ ಮಾರೂ ರಾಳ ತಂದು ಕುಟ್ಟಿ ಕೂಡಿಸಿದೆ, ಕಲ್ಲಿನಂಗ ಆತು. ಬಣ್ಣಕ್ಕ ಕುಂಕುಮ, ಅರಿವಿಗೆ ಹಾಕೂ ನೀಲಿ, ಕಾಡಿಗಿ, ಜೋಯ್ಡಾ ರಸ್ತಾದ ಕೆಮ್ಮಣ್ಣು. ಶಿಫ್ಟ್ ಬಿಟ್ಟಾಗ ಗೇಟಿನಿಂದ ಹೊರಗ ಬರೂ ಮಂದಿನ್ನ ಖಾಕಿ ಕಿಸೆಗಳಿಂದ ಮಾಡಿದೆ. ಕಾಳಿ ಹೊಳಿ ಮಾಡಿದೆ, ಒಂದು ಹಳೇ ಸೀರಿ ಸೆರಗಿಲೆ. ಚಲೋ ಆಗಿದ್ವು. ನಾನ ಹೇಳಕೋಬೇಕು, ಹೇಳೂವರು ಬ್ಯಾರೆ ಯಾರದಾರ?

ಗಿರಾಕಿ ಮಂದಿ ‘ಏನ ಮಾಮಾ, ಚಿಂದಿ ಮೇಣದಾಗ ಅದ್ದಿ ಕುಂತೀರಿ, ದೀಪ ಹಚ್ಚತೀರೇನು?’ ಅಂತ ನಗೂವರು. ‘ಹೌದಪಾ, ನಿನ್ನ ಪ್ಯಾಂಟಿಲೆ ಹಚ್ಚತೇನಿ’ ಅಂತಿದ್ದೆ. ಜೋಯ್ಡಾ ಕಡೆಯಿಂದ ಸಂತಿಗೆ ಜೇನು ಮಾರಾಕ ಬರೂ ಗೋದುಬಾಯಿ ಒಬ್ಬಾಕಿ ಏನೂ ನಗಲಿಲ್ಲ. ಮೇಣ ಸೋಸಿ ಉಂಡಿ ಮಾಡಿ ತಂದು ಕೊಡತಿದ್ಲು. ‘ಕಿತೆಂ ಟೇಲರಬಾಬ, ಇಷ್ಟು ಮೇಣ ತಿಂತೀರೇನ್ರಿ?’ ಅಂತ ಒಮ್ಮೆ ತನ್ನ ಕೊಂಕಣಿ ಕೂಡಿಸಿ ಕೇಳಿದ್ಲು. ಕೈ ಹಿಡದು ಅಂಗಡಿಗೆ ಕರಕೊಂಡು ಬಂದು ತೋರಸಬೇಕು ಅನ್ನೂಹಂಗ ಆತು ನನಗ. ಆದ್ರ ಒಂಟಿ ಗಂಡಸು ಸಂತ್ಯಾಗ ಹೆಣಮಗಳಿಗೆ ಹಂಗ ಅನ್ನಾಕ ಆಗತೈತೇನು? ‘ಹೂಂ, ಚಟ್ನಿ ಮಾಡಕೊಂಡು ತಿಂತೇನಿ’ ಅಂದು ಬಂದೆ. ಅವತ್ತ ಸಂಜಿಮಟ ಬ್ಯಾರೆ ಯಾರ ಕೂಡಾನೂ ಮಾತಾಡಿದ್ದು ನೆನಪಿಲ್ಲ.

ಮರುವರ್ಷದ ಮಳಿಗಾಲ ಕೆಟ್ಟ ಹಿಡೀತು. ಗ್ವಾಡಿ ಬೆವರಿದ್ವು, ಚಪ್ಪಲಕ್ಕೂ ಬೂಸರ ಬಂತು. ಒಂದು ದಿನ ಟ್ರಂಕ ತಗದು ನೋಡತೇನಿ, ಕೌದಿ ಒಂದು ಮೂಲಿಗೆ ಹಸರು ಬೂಸರ ಕುಂತೈತಿ, ಬಾಜೂಕ ಹುಳ ತಿಂದು ತೂತು. ಹಿಂಗ ಬಿಟ್ರ ಇನ್ನೊಂದು ಮಳಿಗಾಲಕ್ಕ ಆಕಿ ಹೊಲಿಗಿ ಹುಳದ ಹೊಟ್ಯಾಗ ಹೋಗತೈತಿ ಅನಸ್ತು. ಬಿಸಲು ಬಿದ್ದ ದಿನ ಝಾಡಿಸಿ ಒಣಗಿಸಿದೆ, ಪ್ಲೈ ಮ್ಯಾಲ ಎಳದು ಅಂಚಿಗೆ ಸಣ್ಣ ಮೊಳಿ ಬಡದೆ, ಮೇಣ ರಾಳ ಕರಗಿಸಿ, ಮಾಸಿದ ತುಂಡಿಗೆ ಕುಂಕುಮ, ನೀಲಿ, ಕೆಮ್ಮಣ್ಣು ಕೂಡಿಸಿ ಹಚ್ಚಿದೆ. ನಡುವಿನ ಗೇಣು ಜಾಗಾ ಮಾತ್ರ ಹಂಗ ಬಿಟ್ಟೆ. ಆಕಿ ಸೂಜಿ ಮುಟ್ಟಲಾರದ್ದನ್ನ ನಾ ಯಾಕ ಮುಟ್ಟಲಿ?

ಏನ ಹೇಳಲಿ. ಸೀರಿಗಳ ಬಣ್ಣ ಎದ್ದು ಬಂದ್ವು, ಆಕಿ ಬಿಳಿ ದಾರ ಸೊಟ್ಟಂಪಟ್ಟ ಸುತ್ತಿ ಸುತ್ತಿ ಬಂದದ್ದು ಒಂದೊಂದು ಹೊಲಿಗಿ, ಒಂದೊಂದು ಟಾಕಿ ಕಾಣತಿತ್ತು. ಮಷೀನಿನ ಎದರಿಗೆ ಗ್ವಾಡಿಗೆ ಹಾಕಿದೆ. ಕೆಲಸಾ ಮಾಡಕೋತ ತಲಿ ಎತ್ತಿದ್ರ ಸಾಕು, ಆಕಿ ಕುಂತಂಗ ಆಗತಿತ್ತು. ಎಷ್ಟೋ ತಿಂಗಳು ಹಿಂದ ಸರದಿದ್ದ ನಿದ್ದಿ ಮತ್ತ ಬಂತು.

ಹಿಂಗ ಎರಡು ಮಳಿಗಾಲ ಹೋದ್ವು. ಅವ್ವ ಇಲ್ಲದ ಮನಿಗೆ ಸುವರ್ಣಾ ಬರಲಿಲ್ಲ, ನಾನ ಹಳಿಯಾಳಕ್ಕ ಹೋಗಿ ನೋಡಿ ಬರತಿದ್ದೆ. ಸುವರ್ಣಾಗ ಲಗ್ನಾಗಿ ಭಾಳ ವರ್ಷ ಆಗಿದ್ವು, ಮಕ್ಕಳಿದ್ದಿಲ್ಲ. ಒಮ್ಮೆ ನಿಂತದ್ದು ಹೋಗಿತ್ತು. ಈಗ ದೇವರು ಕಣ್ಣು ಬಿಟ್ಟ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಆದ್ರ ಹೆಂಗಸರಿಲ್ಲದ ಮನಿಗೆ ಬಾಣಂತಿ ಹೆಂಗ ಬರಬೇಕು? ಹಳಿಯಾಳದಾಗ ಆಕಿ ಅತ್ತಿ ಗುರುಬಸವ್ವನ ಎಲ್ಲಾ ಮಾಡಿದ್ಲು. ‘ಹೆಣ್ಣು ಕೂಸು, ಮಾವಾರ, ಇಬ್ಬರೂ ಆರಾಮ ಅದಾರ’ ಅಂತ ಅಳಿಯ ಉದಯಕುಮಾರ ಫೋನ್ ಮಾಡಿದ. ಓಣಿ ಮಂದಿಗೆ ಪೇಢೆ ಹಂಚಿ ಬಂದು ಮಾಲವ್ವನ ಕೌದಿ ಮುಂದ ನಿಂತು ಹೇಳಿದೆ. ಯಾರಿಗರ ಹೇಳಬೇಕಲ್ಲ.

ಎರಡು ದಿನ ಬಿಟ್ಟು ಸುವರ್ಣಾನ ಫೋನ್ ಮಾಡಿದ್ಲು. ಧ್ವನಿ ಸಣ್ಣಗಿತ್ತು.

‘ಅಪ್ಪಾ, ತೊಟ್ಟಲದಾಗ ಹಾಕೂ ದಿನ ಬೇಕಾದ್ರ ಬ್ಯಾರೆ ಏನೂ ತರಬ್ಯಾಡ. ಅವ್ವನ ಆ ಸಣ್ಣ ಕೌದಿ ಅಷ್ಟ ತೊಗೊಂಡು ಬಾ.’

‘ಯಾವ ಕೌದಿ?’

‘ಅದ ಅಪ್ಪಾ, ಅವ್ವ ಹೊಲೀತಿದ್ಲಲ್ಲ. ನನ್ನ ಕೂಸಿಗಂತ. ಹುಟ್ಟೂದರ ಮೊದಲ ಕೂಸಿನ ಹೆಸರು ತೊಗೊಂಡು ಏನೂ ಮಾಡಬಾರದು, ದೃಷ್ಟಿ ತಾಗತೈತಿ ಅಂತ ಯಾರ ಮುಂದೂ ಹೇಳಿದ್ದಿಲ್ಲ ಆಕಿ. ನಿನಗ ಸ್ಟೂಲಿಗೆ ಹಾಸಾಕ ಅಂತ ಹೇಳೇನಿ ಅಂತ ನಕ್ಕಿದ್ಲು. ನಾನೂ ಅದಕ್ಕ ಇಷ್ಟು ದಿನ ಬಾಯಿ ಬಿಡಲಿಲ್ಲ.’

ನಾ ಗ್ವಾಡಿ ನೋಡಿದೆ. ನಮ್ಮ ಸ್ಟೂಲು ಒಂದು ಮೊಳ ಇಲ್ಲ, ಕೌದಿ ಎರಡು ಮೊಳ ಐತಿ. ತೊಟ್ಟಲದ ಅಳತಿ! ಊರ ಮಂದಿ ಮೈಗೆಲ್ಲಾ ಟೇಪು ಹಿಡದ ಗಾಂಪ, ನನ್ನ ಕಣ್ಣ ಮುಂದಿನ ಅಳತಿ ತಿಳೀಲಿಲ್ಲ. ‘ತರತೇನಿ ಮಗಳ’ ಅಂದು ಫೋನ್ ಇಟ್ಟೆ.

ಮೇಣ ತಗಿಯಾಕ ನೋಡಿದೆ. ಅರಿವಿಗೆ ಮೇಣ ಬಿದ್ರ ಮ್ಯಾಲ ಕಾಗದ ಇಟ್ಟು ಇಸ್ತ್ರಿ ಮಾಡತೇವಿ, ಕಾಗದ ಹೀರಕೊಳ್ಳತೈತಿ. ಕಾಗದದ ಊರಾಗ ಕಾಗದಕ್ಕೇನ ಬರ? ಹಾಳಿ ಮ್ಯಾಲ ಹಾಳಿ ಇಟ್ಟು ಒತ್ತಿದೆ. ಮೇಣ ಚೂರು ಬಂತು, ರಾಳ ಬರಲೇ ಇಲ್ಲ. ಇಸ್ತ್ರಿ ಜಾಸ್ತಿ ಕಾಸಿದೆ, ದಾರ ಕಂದಾಕ ಹತ್ತಿತು. ಕೈ ತಗದೆ. ಕೌದಿ ಮುಟ್ಟಿದ್ರ ಹಪ್ಪಳದಂಗ ಗಟ್ಟಿ. ಇದರ ಮ್ಯಾಲ ಎಳೇ ಕೂಸನ್ನ ಹೆಂಗ ಹಾಕೂದು?

ಆವಾಗ ನನಗೊಂದು ಕೆಟ್ಟ ಬುದ್ಧಿ ಬಂತು. ಟ್ರಂಕಿನ್ಯಾಗ ಮಾಲವ್ವನ ಸೀರಿ ಇನ್ನೂ ಇದ್ವು. ಅಂಥಾದ ಇನ್ನೊಂದು ಕೌದಿ ನಾನ ಹೊಲದು ಅವ್ವಂದ ಅಂತ ಕೊಟ್ರ ಆತು. ಅಳತಿ ಗೊತ್ತೈತಿ, ಬಣ್ಣ ಗೊತ್ತೈತಿ, ಎದರಿಗೆ ನಮೂನಿ ತೂಗಬಿದ್ದೈತಿ. ಟೇಲರಿಗೆ ಇದೇನು ದೊಡ್ಡ ಕೆಲಸ?

ದೊಡ್ಡ ಕೆಲಸ ಇತ್ತರೀ. ನನಗ ಸೊಟ್ಟ ಹೊಲಿಯಾಕ ಬರಂಗಿಲ್ಲ! ಮಾಲವ್ವನ ಹೊಲಿಗಿ ಒಂದು ಗೇಣಿಗೆ ಮ್ಯಾಲ ಏರೂದು, ಮತ್ತ ಇಳಿಯೂದು, ಒಂದು ಟಾಕಿ ದೊಡ್ಡದು, ಒಂದು ಸಣ್ಣದು. ‘ಹಾದಿ ಬಿಟ್ಟ ಎಮ್ಮಿಯಂಗ ಹೊಂಟೈತಿ ನಿನ್ನ ಹೊಲಿಗಿ’ ಅಂತ ನಾ ಎಷ್ಟು ಸಲ ಚ್ಯಾಷ್ಟಿ ಮಾಡಿದ್ದೆನೋ. ಈಗ ಹಂಗ ಹೊಲಿಯೂಣು ಅಂದ್ರ ಕೈ ಕೇಳವಲ್ದು. ಬೇಕಂತ ಸೊಟ್ಟ ಹಾಕತೇನಿ, ನಾಕು ಟಾಕಿ ಹೋಗೂದರಾಗ ತಾನ ನೆಟ್ಟಗ ಆಗತೈತಿ. ಚಸ್ಮಾ ತಗದು ಹೊಲದೆ. ಎಡಗೈಲೆ ಹೊಲದೆ. ಅದು ಕುಡಕನ ಸೊಟ್ಟ ಆತು, ಮಾಲವ್ವನ ಸೊಟ್ಟ ಆಗಲಿಲ್ಲ. ಬಿಚ್ಚೂದು, ಹೊಲಿಯೂದು, ಬಿಚ್ಚೂದು. ಕಡೀಕ ಸಾಕಾಗಿ ಬಂದಂಗ ಬರಲಿ ಅಂತ ಹೊಲದು ಮುಗಿಸಿದೆ. ಹೊಸಾದು ಕಾಣಬಾರದು ಅಂತ ಎರಡು ಸಲ ಒಗದೆ. ಗ್ವಾಡಿ ಮ್ಯಾಲಿನದರ ಕಡೆ ತಿರಗಿ ನೋಡದ ಬಸ್ಸು ಹತ್ತಿದೆ.

ಹಳಿಯಾಳದಾಗ ಮನಿ ತುಂಬ ಹೆಂಗಸರು. ‘ಬರ್ರಿ ಬೀಗರ, ಬರ್ರಿ’ ಅಂತ ಗುರುಬಸವ್ವ ಕಾಲಿಗೆ ನೀರು ಕೊಟ್ಟು, ಕೈಯಾಗಿಂದ ಕೌದಿ ಇಸಗೊಂಡು ಎಲ್ಲಾರ ಮುಂದ ಹರವಿದ್ಲು. ‘ಏನ ಕೈರೀ ನಮ್ಮ ಬೀಗತಿದು! ಮಷೀನಿನ್ಯಾಗ ಹೊಲದಂಗ ಐತಿ ನೋಡ್ರಿ. ಪುಣ್ಯವಂತಿ, ಮೊಮ್ಮಗಳನ್ನ ನೋಡದ ಹೋದ್ಲು’ ಅಂತ ಕಣ್ಣಿಗೆ ಸೆರಗು ಹಚ್ಚಿದ್ಲು.

ಸುವರ್ಣಾ ಕೂಸು ತೊಡಿ ಮ್ಯಾಲ ಹಾಕಿಕೊಂಡು ಕುಂತಿದ್ಲು. ಕೈ ಚಾಚಿ ಹೆಬ್ಬಟ್ಟಿಲೆ ಒಂದು ಸಾಲು ಹೊಲಿಗಿ ಸವರಿದ್ಲು. ಇನ್ನೊಂದು ಸಾಲು ಸವರಿದ್ಲು. ಆಮ್ಯಾಲ ನನ್ನ ಮುಖ ನೋಡಿದ್ಲು. ನಾ ನೆಲಾ ನೋಡಿದೆ.

‘ಅವ್ವನ ಕೈನ ಹಂಗರೀ ಅತ್ತಿ’ ಅಂದ್ಲು.

ಕೌದಿ ತೊಟ್ಟಲದಾಗ ಹಾಸಿದ್ರು, ಕೂಸಿನ್ನ ಹಾಕಿದ್ರು, ಮಾಲವ್ವನ ಹೆಸರ ಇಟ್ರು. ಹೆಂಗಸರು ಜೋಗುಳ ಹಾಡಾಕ ಹತ್ತಿದ್ರು. ಎಲ್ಲಾರೂ ನನಗ ಅದೃಷ್ಟವಂತ ಅಂದ್ರು. ಆ ಮನ್ಯಾಗ ಎಲ್ಲೆರ ಬಾವಿ ಇದ್ರ ಹಾರತಿದ್ದೆ.

ಊಟಾ ಆದ ಮ್ಯಾಲ ಸುವರ್ಣಾ ನನ್ನ ಹಿತ್ತಲಕ ಕರದ್ಲು. ತಲಿಗೆ ಬಿಗದು ಅರಿವಿ ಕಟ್ಟಿದ್ಲು, ಮುಖ ಬಿಳಚಿತ್ತು.

‘ಅವ್ವನ ಕೌದಿ ಎಲ್ಲಿ?’

ಹೇಳಿದೆ. ಬೂಸರ, ಹುಳ, ಮೇಣ, ರಾಳ, ಎಲ್ಲಾ ಹೇಳಿದೆ. ಎಷ್ಟು ಚೆಂದ ಕಾಣತೈತಿ ಅನ್ನೂದೂ ಹೇಳಿದೆ, ಸುಮ್ಮನ ಇರಬೇಕಿತ್ತು.

‘ಚೆಂದ ಕಾಣತೈತಿ?’ ಅಂದ್ಲು. ‘ನಾ ಈ ಬಾಣಂತನದಾಗ ದಿನಾ ಏನ ನೆನಸೇನಿ ಗೊತ್ತೈತಿ? ಅವ್ವ ಬರಾಕ ಆಗಲಿಲ್ಲ, ಆಕಿ ಕೈಯರ ನನ್ನ ಕೂಸಿನ ಬೆನ್ನಿಗೆ ಹತ್ತತೈತಿ ಅಂತ. ಅಷ್ಟ ಆಸೆ ಇತ್ತು ನಂದು. ಅವ್ವನ್ನ ನೀ ಒಬ್ಬಾಂವನ ಇಟ್ಕೊಂಡಿ ಅಪ್ಪಾ. ಮ್ಯಾಲ ಮಂದಿ ಮುಂದ ನನ್ನ ಕಡೆ ಸುಳ್ಳ ಹೇಳಸಿದಿ.’

ಬಾಯಿಲೆ ಊರು ಆಳಿದಾಂವ ನಾ. ಚಪ್ಪಲ ಮೆಟ್ಟಿಕೊಂಡು ದಾಂಡೇಲಿ ಬಸ್ಸಿಗೆ ಹೊಂಟೆ.

ಆಮ್ಯಾಲ ಆಕಿ ಫೋನ್ ಎತ್ತಲಿಲ್ಲ. ಉದಯಕುಮಾರ ಎತ್ತತಿದ್ದ. ‘ಮಲಗ್ಯಾಳ್ರಿ ಮಾವಾರ’, ‘ಕೂಸಿಗೆ ಹಾಲು ಕುಡಸಾಕತ್ತಾಳ್ರಿ ಮಾವಾರ’. ಪಾಪ, ಹುಡುಗ ಒಳ್ಳೆಯಾಂವ, ದಿನಾ ಹೊಸಾ ನೆವ ಹುಡಕತಿದ್ದ. ನಾನೂ ಫೋನ್ ಮಾಡೂದು ಬಿಟ್ಟೆ. ಮೇಣದ ಡಬ್ಬಿ ಮುಚ್ಚಿಟ್ಟೆ, ಚಿತ್ರದ ಹುಚ್ಚು ಬಿಡ್ತು. ಸಂತ್ಯಾಗ ಗೋದುಬಾಯಿ ಕೂಗಿದ್ರ ಬ್ಯಾಡ ಅಂತ ಕೈ ಮಾಡಿ ಮುಂದ ಹೋಗತಿದ್ದೆ. ಒಂದೊಂದು ದಿನ ಅಂಗಡಿ ಬಾಗಲಾ ತಗದು, ಯಾರೂ ಬರದ, ಮತ್ತ ಹಾಕಿದೆ. ಒಬ್ಬಾಂವಗ ಅನ್ನಕ್ಕ ಇಡೂದು ಎಷ್ಟು ಬ್ಯಾಸರ ಅಂತ ಒಬ್ಬರೆ ಇದ್ದವರಿಗೆ ಗೊತ್ತು. ಎಷ್ಟು ಸಣ್ಣ ಪಾತೇಲಿ ತೊಗೊಂಡ್ರೂ ಅದು ದೊಡ್ಡದ ಆಗತೈತಿ. ಕೌದಿ ಕಡೆ ನೋಡಿದ್ರ ಮೊದಲಿನಂಗ ಆಕಿ ಕುಂತಂಗ ಅನಸ್ತಿದ್ದಿಲ್ಲ. ಕದ್ದ ಮಾಲು ಗ್ವಾಡಿಗೆ ಹಾಕಿಕೊಂಡಂಗ ಅನಸ್ತಿತ್ತು.

ಕೂಸಿಗೆ ಕುತ್ತಿಗಿ ನಿಂತ ಮ್ಯಾಲ, ಒಂದು ಮಧ್ಯಾಹ್ನ, ಹೇಳದ ಕೇಳದ ಸುವರ್ಣಾ ಬಂದು ಬಾಗಲದಾಗ ನಿಂತ್ಲು. ಬಗಲಾಗ ಕೂಸು, ಹೆಗಲಿಗೆ ಚೀಲ. ‘ಬಾ’ ಅಂದೆ. ನನ್ನ ನೋಡಲಿಲ್ಲ, ನೇರ ಪರದೆ ಸರಿಸಿ ಒಳಗ ಹೋಗಿ ಕೂಸಿನ್ನ ಹಾಸಿಗಿ ಮ್ಯಾಲ ಮಲಗಿಸಿದ್ಲು, ಹೊರಗ ಬಂದು ಗ್ವಾಡಿ ಮುಂದ ನಿಂತ್ಲು.

ಆಮ್ಯಾಲ ಕೈ ಇಟ್ಲು. ನಡುವಿನ ಗೇಣು ಜಾಗಾ ಮೊದಲ ಮುಟ್ಟಿದ್ಲು, ಆಮ್ಯಾಲ ಸುತ್ತಲಿಂದು.

‘ನೋಡು’ ಅಂದ್ಲು. ‘ಮೆತ್ತಗಿದ್ದಲ್ಲಿ ಅವ್ವನ ಕೈ ಇಲ್ಲ. ಅವ್ವನ ಕೈ ಇದ್ದಲ್ಲಿ ಮೆತ್ತಗಿಲ್ಲ. ಗಾಜಿನ ಮ್ಯಾಲ ಕೈ ಆಡಿಸಿದಂಗ ಆಗತೈತಿ.’ ಅಳಾಕ ಹತ್ತಿದ್ಲು.

ನನಗ ಏನ ಮಾಡಬೇಕು ತಿಳೀಲಿಲ್ಲ. ಅಳೂ ಮಗಳನ್ನ ಹೆಂಗ ಸಮಾಧಾನ ಮಾಡೂದು ಅಂತ ನಾ ಎಂದೂ ಕಲತಾಂವಲ್ಲ, ಅದೆಲ್ಲಾ ಮಾಲವ್ವನ ಖಾತೆ. ನನಗ ಗೊತ್ತಿದ್ದದ್ದು ಇಸ್ತ್ರಿ ಒಂದ. ಪೆಟ್ಟಿಗಿಗೆ ಕೆಂಡ ಹಾಕಿದೆ. ಚಿತ್ರ ಇಳಿಸಿ ಮಷೀನ ಟೇಬಲ್ ಮ್ಯಾಲ ಅಂಗಾತ ಇಟ್ಟು, ಒಂದು ಮೂಲಿಗೆ ಇಸ್ತ್ರಿ ಹಗೂರಕ ಆಡಿಸಿದೆ. ಮೇಣ ಬೆವರಿತು, ಮೆತ್ತಗಾತು. ‘ಈಗ ಇಡು ಕೈ. ಸುಡಂಗಿಲ್ಲ’ ಅಂದೆ.

ಇಟ್ಲು. ಕಣ್ಣು ಮುಚ್ಚಿದ್ಲು. ಕಾದ ಮೇಣದ ಕೆಳಗ ಒಂದೊಂದು ಟಾಕಿ ಬೆರಳಿಗೆ ಸಿಕ್ಕಿರಬೇಕು, ಆಕಿ ಮುಖಾನ ಬ್ಯಾರೆ ಆತು.

‘ಸಿಕ್ತು’ ಅಂದ್ಲು. ‘ಅಪ್ಪಾ, ಸಿಕ್ತು.’

ಒಂದು ಕ್ಷಣ ಅಷ್ಟ. ಆರಿತಂದ್ರ ಮತ್ತ ಕಲ್ಲು. ‘ಮತ್ತ ಕಾಸು’ ಅಂದ್ಲು. ಕಾಸಿದೆ. ಹಿಂಗ ಮೂಲಿಯಿಂದ ಹಿಡದು, ಅವ್ವ ಹೆಂಗ ಸುತ್ತಿ ಬಂದಿದ್ಲೋ ಹಂಗ, ನಾ ಮುಂದ ಮುಂದ ಇಸ್ತ್ರಿ ಆಡಿಸಿದೆ, ಆಕಿ ಹಿಂದಿಂದ ಬೆರಳು ತಂದ್ಲು. ಬಣ್ಣ ಹರಿಯಾಕತ್ತಿದ್ವು. ಕುಂಕುಮ ಹೋಗಿ ನೀಲ್ಯಾಗ ಕೂಡ್ತು, ಕೆಮ್ಮಣ್ಣು ಎಲ್ಲಾದರ ಮ್ಯಾಲ ಹರಡ್ತು. ನಾ ಅಷ್ಟು ಜತನ ಮಾಡಿದ ಚಿತ್ರ ಕಣ್ಣ ಮುಂದ ರಾಡಿ ಆಗಾಕತ್ತಿತ್ತು. ಆಗಲಿ ಬಿಡು ಅಂದೆ, ಮನಸಿನ್ಯಾಗ.

‘ಇಲ್ಲಿ ಸಣ್ಣ ಸಣ್ಣ ಟಾಕಿ, ಬಿಗಿ’ ಅಂದ್ಲು ಸುವರ್ಣಾ. ‘ಇಲ್ಲಿ ನಿನ್ನ ಮ್ಯಾಲ ಸಿಟ್ಟಾಗ್ಯಾಳ.’

‘ನಿನಗ ಹೆಂಗ ಗೊತ್ತು?’

‘ಸಿಟ್ಟು ಬಂದಾಗ ಅವ್ವ ಹಿಂಗ ಹೊಲೀತಿದ್ಲು. ಸಣ್ಣಾಕಿದ್ದಾಗ ಬಾಜೂಕ ಕುಂತು ಸೂಜ್ಯಾಗ ದಾರ ಪೋಣಿಸಿ ಕೊಡತಿದ್ದೆನಲ್ಲ ನಾ.’ ಅಳೂ ಮುಖದಾಗ ನಕ್ಕಳು. ‘ಇಲ್ಲಿ ನೋಡು, ಎಷ್ಟು ಆರಾಮ ಹೊಂಟಾಳ. ಅವತ್ತ ನೀ ಅಂಗಡ್ಯಾಗ ಇದ್ದಿಲ್ಲ ಕಾಣತೈತಿ.’

ನಾನೂ ನಕ್ಕೆ. ಎಷ್ಟೋ ವರ್ಷದ ಮ್ಯಾಲ ಆ ಅಂಗಡ್ಯಾಗ ಇಬ್ಬರ ನಗೂ ಕೇಳಿಸಿತು. ಹಿಂಗ ನಡುವಿನ ಹತ್ರ ಬಂದ್ವಿ. ಅಲ್ಲಿ ಹೊಲಿಗಿ ವಿರಳ ಇದ್ವು, ಖಾಲಿ ಕಾಣಬಾರದು ಅಂತ ನಾ ಕುಂಕುಮದ ಮೇಣ ದಪ್ಪ ಹಚ್ಚಿದ್ದೆ. ಇಸ್ತ್ರಿ ಆಡಿಸಿದೆ. ಸುವರ್ಣಾನ ಬೆರಳು ಅಲ್ಲಿ ಬಂದು ನಿಂತ್ವು. ಹಿಂದ ಹೋದ್ವು, ಮತ್ತ ಬಂದ್ವು.

‘ಅಪ್ಪಾ.’

‘ಏನ?’

‘ಇಲ್ಲಿಂದ ಅವ್ವನ ಕೈ ಸೋತೈತಿ.’

‘ಮುಗಿಸೂ ಅವಸರ ಇದ್ದೀತು.’

‘ಅಲ್ಲ. ಅವಸರದ ಟಾಕಿ ಹಿಂಗಿರಂಗಿಲ್ಲ. ಇದು ಸೂಜಿ ಪೂರಾ ಕೆಳಗ ಇಳದಿಲ್ಲ. ಒತ್ತಾಕ ಶಕ್ತಿ ಇದ್ದಿಲ್ಲ ಆಕಿಗೆ. ಒಂದು ಟಾಕಿ ಹಾಕ್ಯಾಳ, ನಿಂತಾಳ. ಮತ್ತೊಂದು ಹಾಕ್ಯಾಳ. ನೀನೂ ಇಡು ಕೈ.’

ಆಕಿನ ನನ್ನ ಕೈ ಹಿಡದು ಇಟ್ಲು. ಇಷ್ಟು ದಿನ ನಾ ಬರೇ ನೋಡಿದ್ದೆ, ಹಿಂಗ ಮುಟ್ಟಿದ್ದಿಲ್ಲ. ಬೆಚ್ಚಗಿತ್ತು. ಒಂದು ಟಾಕಿ ಸಿಕ್ತು, ಆಮ್ಯಾಲ ದೂರ ತನಕಾ ಏನೂ ಇಲ್ಲ, ಆಮ್ಯಾಲ ಇನ್ನೊಂದು, ಸಡಿಲ. ಮಾಲವ್ವ ದಿನಕ್ಕ ಒಂದ ಸುತ್ತು ಹಾಕತಿದ್ಲು, ಹೆಚ್ಚಿಲ್ಲ. ಸೋತ ಸುತ್ತು ಒಂದಲ್ಲ. ಎಣಸಾಕ ಧೈರ್ಯ ಆಗಲಿಲ್ಲ ನನಗ.

‘ಕುಂತಲ್ಲೇ ಹೋದ್ಲು ಅಂದ್ರಲ್ಲ ಎಲ್ಲಾರೂ’ ಅಂದ್ಲು ಸುವರ್ಣಾ, ಭಾಳ ಸಣ್ಣಗ. ‘ಭಾಳ ದಿನದಿಂದ ಆಕಿಗೆ ಆಗತಿದ್ದಿಲ್ಲ ಅಪ್ಪಾ.’

ಒಳಗ ಕೂಸು ಎದ್ದು ಅತ್ತಿತು. ಆಕಿ ಹೋಗಿ ಎತ್ತಿಕೊಂಡು ಬಂದ್ಲು. ನಾ ಇಸ್ತ್ರಿ ಕೆಳಗಿಟ್ಟೆ. ಹಳೇ ಚಾದರದಾಗ ಕೌದಿ ಸುತ್ತಿದೆ, ಹಗ್ಗಾ ಕಟ್ಟಿದೆ, ಆಕಿ ಮುಂದ ಇಟ್ಟೆ. ‘ಒಯ್ಯಿ’ ಅಂದೆ. ‘ಕರೆಂಟಿನ ಇಸ್ತ್ರಿ ಸಣ್ಣಕ್ಕ ಇಟ್ಟು ಕಾಸು. ಕೂಸು ದೊಡ್ಡದಾದ ಮ್ಯಾಲ ಅದರ ಕೈಗೂ ತೋರಸು.’ ಬ್ಯಾಡ ಅಂತಾಳೇನೋ ಅನಕೊಂಡಿದ್ದೆ. ಅನ್ನಲಿಲ್ಲ. ನನ್ನ ಕಾಲು ಮುಟ್ಟಿ, ಕೂಸಿನ ಹಣಿನೂ ನನ್ನ ಕೈಗೆ ಹಚ್ಚಿ, ‘ಬರತೇನಿ ಅಪ್ಪಾ, ಫೋನ್ ಮಾಡು, ನಾನ ಎತ್ತತೇನಿ’ ಅಂದ್ಲು. ಹಳಿಯಾಳ ಬಸ್ಸಿನ ತನಕಾ ಹೋಗಿ ಹತ್ತಿಸಿ ಬಂದೆ.

ಬಂದು ಮಷೀನಿನ ಮುಂದ ಕುಂತೆ. ಅಂಗಡಿ ಹೊಸ್ತಿಲ ನನ್ನ ಸ್ಟೂಲಿನಿಂದ ಕೈ ಚಾಚಿದ್ರ ಸಿಗತೈತಿ, ಅಷ್ಟ ದೂರ. ಅಲ್ಲಿ ಕುಂತು ಆಕಿ ಅಷ್ಟೂ ದಿನ ಒಂದೊಂದು ಟಾಕಿ ಹಾಕಿ ಉಸರು ಕಟ್ಟಿ ನಿಂತಾಳ, ಮತ್ತೊಂದು ಹಾಕ್ಯಾಳ. ಒಬ್ಬಾಕಿನ. ಒಂಟಿತನ ನನ್ನ ಪಾಲಿಗೆ ಆಕಿ ಹೋದ ಮ್ಯಾಲ ಬಂತು ಅಂತ ತಿಳಿದಿದ್ದೆ, ಆಕಿಗೆ ನನ್ನ ಬಾಜೂಕ ಕುಂತಾಗನ ಬಂದಿತ್ತು. ‘ಒಂದು ಮಾತು ಹೇಳಾಕ ಏನಾಗಿತ್ತು ನಿನಗ, ಮಾಲವ್ವ?’ ಅಂತ ಹೊಸ್ತಿಲದ ಕಡೆ ತಿರಗಿ ಜೋರಾಗಿ ಕೇಳಿದೆ. ಸಿಟ್ಟಿಲೆ ಕೇಳಿದೆ, ಅಳಕೋತ ಕೇಳಿದೆ.

ಆವಾಗ ಹೇಳಿದ್ಲೋ ಏನೋ. ನನ್ನ ಕಿವ್ಯಾಗ ಮಷೀನ ತಿರಗತಿತ್ತು.